ಡೀಡಿನ್ಯಾಗಿನ ಒಂದು ಶಬ್ದ, ಅಡಗಿಮನ್ಯಾಗಿನ ಒಂದು ಪುಸ್ತಕ: ಗದಗ ಕಡೆಯ ಟ್ರಸ್ಟೊಂದರ ಪ್ರಕರಣ

ಊರಿನ ಹೆಸರು, ಮಂದಿ ಹೆಸರು, ಸಮಾಜದ ಹೆಸರು ಯಾವ್ದೂ ಇದರಾಗ ಬರಂಗಿಲ್ಲ. ಗುರ್ತು ಹತ್ತಬಾರದು ಅಂತ ಒಂದೆರಡು ವಿವರ ಅತ್ತಿತ್ತ ಮಾಡೀನಿ, ಆದ್ರ ಏನಾತು, ಯಾರು ಯಾವಾಗ ಏನು ಠರಾಯಿಸಿದ್ರು ಅನ್ನೂದು ಮಾತ್ರ ಹೆಂಗಿತ್ತೋ ಹಂಗ ಐತಿ. ನಾ ಹುಬ್ಬಳ್ಳ್ಯಾಗ ಒಬ್ಬ ಟ್ಯಾಕ್ಸ್ ಪ್ರಾಕ್ಟೀಷನರ್ ಕೈಯಾಗ ಕೆಲಸ ಮಾಡ್ತೀನಿ, ಟ್ರಸ್ಟು, ಸಂಘ-ಸಂಸ್ಥೆ ಫೈಲೆಲ್ಲಾ ನನ್ನ ಟೇಬಲ್ಲಿಗೇ ಬರ್ತಾವ. ಈ ಫೈಲು ನಾಕು ವರ್ಷ ಟೇಬಲ್ ಬಿಟ್ಟು ಕದಲಲಿಲ್ಲ. ತಪ್ಪಿನ್ಯಾಗ ನಮ್ಮ ಆಫೀಸಿನ ಪಾಲೂ ಐತಿ, ಅದೂ ಮುಂದ ಬರ್ತೈತಿ.

ಮನಿ ಮತ್ತ ರೊಟ್ಟಿ

ಗದಗ ಜಿಲ್ಲಾದಾಗ ಒಂದು ತಾಲೂಕಿನ ಊರು. ಅಲ್ಲಿ ಒಬ್ರು ರಿಟೈರ್ಡ್ ಪ್ರೈಮರಿ ಸಾಲಿ ಮಾಸ್ತರು. ತಾಯಿ ತೀರಿಕೊಂಡ ಮ್ಯಾಲ ಬಸ್ ಸ್ಟ್ಯಾಂಡಿನ ಹಿಂದಿನ ಹಳೇ ಮಾಳಗಿ ಮನಿ ಖಾಲಿ ಬಿತ್ತು, ಮಕ್ಕಳು ಬೆಂಗಳೂರು ಪುಣೆ ಅಂತ ಸೇರಿಕೊಂಡಿದ್ರು, ಮಾರೂ ಮನಸ್ಸು ಮಾಸ್ತರಿಗೆ ಇರಲಿಲ್ಲ. ಅದ ಹೊತ್ನ್ಯಾಗ ಅವರ ಹಳೇ ಶಿಷ್ಯ ಒಬ್ಬ, ಪಿಯುಸಿ ಹುಡುಗ, ಸರ್ಕಾರಿ ಹಾಸ್ಟೆಲಿನ್ಯಾಗ ಸೀಟು ಸಿಗಲಿಲ್ಲ ಅಂತ ಸಾಲಿ ಬಿಡಾಕ ಹೊಂಟಿದ್ದ. ಮಾಸ್ತರು "ನಮ್ಮ ಮನ್ಯಾಗ ಇರು, ಊಟಾ ಮಾಡು, ಓದು" ಅಂದ್ರು. 2019ರಾಗ ಆರು ಹುಡುಗರು. ನಡುವ ಕೊರೋನಾ ಬಂದು ಎಲ್ಲಾ ಬಾಗಲಾ ಹಾಕಿತ್ತು, ಮತ್ತ ತೆಗೆದ್ಮ್ಯಾಲ 22 ಆದ್ರು.

ಅಡಗಿಗೆ ಒಬ್ರು ಅಕ್ಕಾರು ಇದ್ರು. ಏಳನೇತ್ತೆ ಓದ್ಯಾರ, ಅಕ್ಷರ ಗುಂಡಗ ಮುತ್ತಿನಂಗ. ಎಷ್ಟು ಜ್ವಾಳದ ಹಿಟ್ಟು ಕಲಸಬೇಕು ಅನ್ನೂ ಲೆಕ್ಕ ತಪ್ಪಬಾರದು ಅಂತ ಒಂದು 200 ಹಾಳಿ ಲಾಂಗ್ ಬುಕ್ಕು ಇಟ್ಟಿದ್ರು. ದಿನಾ ಯಾರ್‍ಯಾರು ಉಣ್ಣಾಕ ಬಂದ್ರು, ಯಾವ ಊರು, ಎಷ್ಟು ರೊಟ್ಟಿ, ಯಾರು ಶನಿವಾರ ಊರಿಗೆ ಹೋದ್ರು, ಎಲ್ಲಾ ಅದರಾಗ. ಅಡ್ಡಹೆಸರು ಇಲ್ಲ, ಜಾತಿ ಇಲ್ಲ, ಹುಡುಗನ ಹೆಸರು ಮತ್ತ ಊರು ಇಷ್ಟ. ಮಂದಿ ಅದಕ್ಕ ರೊಟ್ಟಿ ಪುಸ್ತಕ ಅಂತಿದ್ರು. ಹಾಳಿ ತುಂಬ ಎಣ್ಣಿ ಬೊಟ್ಟು, ಹಿಟ್ಟಿನ ಕಲಿ. ನಾ ಮೊದಲ ಸಲ ನೋಡಿದಾಗ ಇದನ್ನ ಫೈಲಿಗೆ ಹಚ್ಚೂ ದಿನ ಬರ್ತೈತಿ ಅಂತ ಅನ್ಕೊಂಡಿರಲಿಲ್ಲ.

ನಮ್ಮ ಕಡೆ ಇದು ಹೊಸಾ ಪದ್ಧತಿ ಏನಲ್ಲ. ಧಾರವಾಡದ ಮುರುಘಾಮಠದಾಗ ಉಂಡು ಓದಿದವ್ರು ಎಷ್ಟು ಮನ್ಯಾಗ ಅದಾರ, ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಕಣ್ಣಿಲ್ಲದ ಮಕ್ಕಳು ಸಂಗೀತ ಕಲ್ತು ಕಛೇರಿ ಕೊಡೂ ಮಟ್ಟಕ್ಕ ಬಂದ್ರು. ಮೊದಲ ಮಠದ ಅಡಗಿಮನಿ, ಆಮ್ಯಾಲ ಸರ್ಕಾರದ ಯೋಜನೆ. 2002ರಾಗ ಸಾಲ್ಯಾಗ ಬಿಸಿಯೂಟ ಶುರು ಮಾಡಿದಾಗ ಸರ್ಕಾರ ಅದಕ್ಕ ಅಕ್ಷರ ದಾಸೋಹ ಅಂತ ಹೆಸರಿಟ್ಟಿತಲ್ಲ, ಆ ಶಬ್ದ ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ. ಆದ್ರ ಮಠಕ್ಕ ಒಂದು ಹೆಸರಿರ್ತೈತಿ, ಮಂದಿ ನಂಬ್ತಾರ. ಒಬ್ಬ ಮಾಸ್ತರಿಗೆ ಏನೈತಿ? ಒಂದು ಎಸ್‌ಬಿ ಅಕೌಂಟು, ಒಂದು ಫೋನ್‌ಪೇ ನಂಬರು.

ಅಲ್ಲಿಂದನ ತೊಡಕು ಶುರು ಆತು. ಹಳೇ ಶಿಷ್ಯರು ಐನೂರು ಸಾವಿರ ಅಂತ ಮಾಸ್ತರ ಸ್ವಂತ ಖಾತೆಗೆ ಹಾಕ್ತಿದ್ರು, ಅದ ಖಾತೆಗೆ ಪೆನ್ಷನ್ನೂ ಬರ್ತಿತ್ತು, ಗ್ಯಾಸಿಗೆ ಕೊಟ್ಟದ್ದು, ಮಗಳ ಬಾಣಂತನಕ್ಕ ಕೊಟ್ಟದ್ದು ಎಲ್ಲಾ ಒಂದ ಕಡೆ. ಬ್ಯಾಂಕಿನವ್ರು ಒಂದಿನ ಕರದು "ಸರ್ರ, ಇಷ್ಟು ಮಂದಿ ನಿಮಗ ಯಾಕ ರೊಕ್ಕ ಹಾಕ್ತಾರ" ಅಂತ ಕೇಳಿದ್ರು. ಮಾಸ್ತರಿಗೆ ಅವಮಾನ ಆದಂಗಾತು. ನಮ್ಮ ಆಫೀಸಿಗೆ ಬಂದ್ರು.

ಕಾಗದದ ಗಡಿಬಿಡಿ

ಮೂರು ದಾರಿ ಇದ್ದವು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗ ಸಂಘ ಮಾಡಬಹುದು, ಕಮ್ಮೀತ ಕಮ್ಮಿ ಏಳು ಮಂದಿ ಬೇಕು, ವರ್ಷಾ ಸರ್ವಸಾಧಾರಣ ಸಭೆ ಮಾಡಿ ಆಡಳಿತ ಮಂಡಳಿ ಪಟ್ಟಿ, ಆಡಿಟ್ ಲೆಕ್ಕ ರಿಜಿಸ್ಟ್ರಾರ್‌ಗೆ ಕೊಡಬೇಕು. ಕಂಪನಿ ಕಾಯ್ದೆ 2013ರ 8ನೇ ಕಲಮಿನ ಕಂಪನಿ ಮಾಡಬಹುದು, ಅದಕ್ಕ ಖರ್ಚು ಜಾಸ್ತಿ. ಮೂರನೇದ್ದು ಟ್ರಸ್ಟು, ಸಬ್ ರಿಜಿಸ್ಟ್ರಾರ್ ಆಫೀಸಿನ್ಯಾಗ ಡೀಡ್, ಅಂದ್ರ ಟ್ರಸ್ಟಿನ ಉದ್ದೇಶ-ನಿಯಮ ಬರ್ದ ಪತ್ರ, ನೋಂದಣಿ ಮಾಡ್ಸಿದ್ರ ಆತು. "ಏಳು ಮಂದಿ ನಮ್ಮೂರಾಗ ಒಂದ ಅಂಗಡ್ಯಾಗ ಚಾ ಸೈತ ಕುಡಿಯಂಗಿಲ್ಲ, ಟ್ರಸ್ಟ ಇರಲಿ" ಅಂದ್ರು ಮಾಸ್ತರು.

ಭಾಳ ಮಂದಿಗೆ ತಿಳಿಯಲಾರದ ಒಂದು ಮಾತು ಇಲ್ಲೈತಿ. ಭಾರತೀಯ ಟ್ರಸ್ಟ್ ಕಾಯ್ದೆ 1882 ಅಂತ ಎಲ್ಲಾ ಡೀಡಿನ ತಲಿ ಮ್ಯಾಲ ಬರೀತಾರ, ಖರೇ ಅಂದ್ರ ಆ ಕಾಯ್ದೆ ಖಾಸಗಿ ಟ್ರಸ್ಟಿಗೆ ಸಂಬಂಧಪಟ್ಟದ್ದು, ಸಾರ್ವಜನಿಕ ಧರ್ಮಾರ್ಥ ಟ್ರಸ್ಟನ್ನ ಅದು ಮೊದಲನೇ ಕಲಮಿನ್ಯಾಗ ಹೊರಗಿಟ್ಟೈತಿ. ಮಹಾರಾಷ್ಟ್ರದಾಗ ಇಂಥಾ ಟ್ರಸ್ಟಿನ ಮ್ಯಾಲ ನಿಗಾ ಇಡಾಕ ಚಾರಿಟಿ ಕಮಿಷನರ್ ಅಂತ ಇರ್ತಾರ. ನಮ್ಮ ಧಾರವಾಡ ಸೀಮೆನೂ 1956ರ ತನಕ ಮುಂಬಯಿ ರಾಜ್ಯದಾಗ ಇತ್ತಲ್ಲ, ಹಿಂಗಾಗಿ ಈ ಕಡೆ ಹಳೇ ಸಂಸ್ಥೆಗಳ ಕಾಗದದ ಮ್ಯಾಲ ಬಾಂಬೆ ಪಬ್ಲಿಕ್ ಟ್ರಸ್ಟ್ಸ್ ಆಕ್ಟ್ 1950ರ ನಂಬರು ಇನ್ನೂ ಕಾಣ್ತೈತಿ. ಈಗ ಹೊಸದಾಗಿ ಮಾಡೂ ಇಂಥಾ ಟ್ರಸ್ಟಿಗೆ ಮ್ಯಾಲ ಕುಂತು ನೋಡೂ ಆಫೀಸು ಅಂತ ಇಲ್ಲ. ಡೀಡಿನ್ಯಾಗ ಏನು ಬರ್ದೀರೋ ಅದ ನಿಮ್ಮ ಕಾಯ್ದೆ, ಅದನ್ನ ಮೊದಲ ಸಲ ಕಣ್ಣಾಗ ಎಣ್ಣಿ ಹಾಕ್ಕೊಂಡು ಓದೂದು ಆದಾಯ ತೆರಿಗೆ ಇಲಾಖೆ.

ಇಷ್ಟೆಲ್ಲಾ ನಾವು ಮಾಸ್ತರಿಗೆ ಮೊದಲ ಹೇಳಬೇಕಿತ್ತು. ಹೇಳಲಿಲ್ಲ. "ಡೀಡ್ ಮಾಡ್ಸಿಕೊಂಡು ಬರ್ರಿ, ಮುಂದಿನದು ನಾವು ನೋಡ್ತೀವಿ" ಅಂದ್ವಿ. ಅವ್ರು ತಮ್ಮ ತಾಲೂಕಿನ್ಯಾಗ ಒಬ್ಬ ಬರಹಗಾರರ ಹತ್ರ ಹೋದ್ರು, ಅವ್ರ ಕಂಪ್ಯೂಟರಿನ್ಯಾಗ ಯಾವುದೋ ಹಳೇ ಡೀಡ್ ಇತ್ತು, ಹೆಸರು ಬದಲಿಸಿ ಪ್ರಿಂಟ್ ಕೊಟ್ರು. ಉದ್ದೇಶ ಅಂತ 23 ಇದ್ದವು. ಅನಾಥಾಶ್ರಮ, ವೃದ್ಧಾಶ್ರಮ, ಗೋಶಾಲೆ, ಐಟಿಐ, ಇಂಜಿನಿಯರಿಂಗ್ ಕಾಲೇಜು, ಯೋಗ, ಪರಿಸರ, ಸಾಮೂಹಿಕ ವಿವಾಹ. 22 ಹುಡುಗರಿಗೆ ರೊಟ್ಟಿ ಹಾಕೂ ಮಾಸ್ತರು ಕಾಗದದ ಮ್ಯಾಲ ಇಂಜಿನಿಯರಿಂಗ್ ಕಾಲೇಜು ಕಟ್ಟಾಕ ಹೊಂಟಿದ್ರು!

ಇನ್ನೊಂದು ಶಬ್ದ ಮಾತ್ರ ಪ್ರಿಂಟಿನಿಂದ ಬಂದದ್ದಲ್ಲ, ಕಾಕಾರಿಂದ ಬಂದದ್ದು. ಕಾಕಾ ಅಂದ್ರ ಮಾಸ್ತರ ತಂದಿ ಚಿಕ್ಕಪ್ಪನ ಮಗ, ಊರಾಗ ಸಮಾಜದ (ಅಂದ್ರ ಅವರ ಜಾತಿಯ) ಹಿರಿಯರು, ಮನಿ ಬಾಜೂ ಇದ್ದ ತಮ್ಮ ಐದು ಗುಂಟೆ ಜಾಗಾನ ಟ್ರಸ್ಟಿಗೆ ಬಕ್ಷೀಸ ಪತ್ರ (ದಾನಪತ್ರ) ಮಾಡಿ ಕೊಡ್ತೀನಿ ಅಂದಿದ್ರು. ಸಬ್ ರಿಜಿಸ್ಟ್ರಾರ್ ಆಫೀಸಿನ ಕಟ್ಟಿ ಮ್ಯಾಲ ಕುಂತು ಡೀಡ್ ಓದಿಸಿ ಕೇಳಿ, "ಬಡ ವಿದ್ಯಾರ್ಥಿಗಳಿಗೆ" ಅಂತ ಇದ್ದಲ್ಲಿ "ನಮ್ಮ ಸಮಾಜದ ಬಡ ವಿದ್ಯಾರ್ಥಿಗಳಿಗೆ" ಅಂತ ಹಾಕ್ರಿ ಅಂದ್ರು. ಕೊಟ್ಟವ್ರ ಮಾತು, ಯಾರು ಬ್ಯಾಡ ಅಂತಾರ. ಅದ ಶಬ್ದ ಬಕ್ಷೀಸ ಪತ್ರದಾಗೂ ಬಂತು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಸಮಾಜದ ಬೋರ್ಡಿಂಗಿನ್ಯಾಗ ಉಂಡ ಕಾಕಾ ಎಸ್ಸೆಸ್ಸೆಲ್ಸಿ ಮುಗಿಸಿದ್ದು, ಅವರ ತಲ್ಯಾಗ ದಾನ ಅಂದ್ರ ಆ ಆಕಾರನ ಇತ್ತು.

2021ರ ಆಗಸ್ಟಿನ್ಯಾಗ ಡೀಡ್ ನೋಂದಣಿ ಆತು. ಆ ವರ್ಷ ಏಪ್ರಿಲ್ 1ರಿಂದ ತೆರಿಗೆ ಇಲಾಖೆ ಹೊಸಾ ಪದ್ಧತಿ ತಂದಿತ್ತು, ಹೊಸಾ ಟ್ರಸ್ಟಿಗೆ ಮೊದಲ ಮೂರು ವರ್ಷದ ಪ್ರೊವಿಷನಲ್ (ತಾತ್ಪೂರ್ತಿಕ) ನೋಂದಣಿ, ಆಮ್ಯಾಲ ಪರೀಕ್ಷೆ ಮಾಡಿ ಐದು ವರ್ಷದ ರೆಗ್ಯುಲರ್. ಫಾರ್ಮ್ 10ಎ ಹಾಕಿದ್ವಿ, ಒಂದ ತಿಂಗಳೊಳಗ ಟ್ರಸ್ಟಿನ ಆದಾಯಕ್ಕ ತೆರಿಗೆ ವಿನಾಯಿತಿ ಕೊಡೂ 12ಎಬಿ ಬಂತು, ದಾನ ಕೊಟ್ಟವ್ರಿಗೆ ತೆರಿಗೆ ಕಡಿತ ಕೊಡೂ 80ಜಿ ಬಂತು, ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಮಾಸ್ತರು ಧಾರವಾಡ ಪೇಡೆ ಡಬ್ಬಿ ತಗೊಂಡು ಆಫೀಸಿಗೆ ಬಂದ್ರು. ಸರ್ಟಿಫಿಕೇಟಿನ ಮ್ಯಾಲ ಪ್ರೊವಿಷನಲ್ ಅಂತ ಇದ್ದದ್ದನ್ನ ಪೇಡೆ ತಿನ್ನೂ ಗದ್ದಲದಾಗ ಯಾರೂ ಮನಸಿಗೆ ಹಚ್ಚಿಕೊಳ್ಳಲಿಲ್ಲ.

ನೋಂದಣಿಯಿಂದ ಫರಕು ಆತು ಅನ್ನೂದು ಖರೇ. ಟ್ರಸ್ಟಿನ ಹೆಸರಿಲೆ ಪ್ಯಾನು, ಬ್ಯಾರೆ ಖಾತೆ, ಪಾವತಿ (ರಸೀದಿ) ಪುಸ್ತಕ. ಬೆಂಗಳೂರಿನ್ಯಾಗ ಐಟಿ ಕೆಲಸದಾಗಿದ್ದ ಹಳೇ ಶಿಷ್ಯರು 80ಜಿ ಪಾವತಿ ಸಿಗ್ತೈತಿ ಅಂತ ದೊಡ್ಡ ಮೊತ್ತ ಹಾಕಾಕ ಹತ್ತಿದ್ರು. ಅವರೊಳಗ ಅರ್ಧಾ ಮಂದಿ ಹೊಸಾ ತೆರಿಗೆ ಪದ್ಧತಿ ಆರಿಸಿಕೊಂಡವ್ರು, ಅದರಾಗ 80ಜಿ ಕಡಿತನ ಇಲ್ಲ, ಆದ್ರೂ ಪಾವತಿ ಬೇಕ ಬೇಕು ಅಂತಿದ್ರು. ಪಾವತಿ ಅಂದ್ರ ತೆರಿಗೆಗಷ್ಟ ಅಲ್ಲ, ಲೆಕ್ಕ ಸರಿ ಐತಿ ಅನ್ನೂ ಧೈರ್ಯ. ನಗದು 2,000 ರೂಪಾಯಿ ದಾಟಿದ್ರ 80ಜಿ ಸಿಗಂಗಿಲ್ಲ, ರೈತ್ರು ಸುಗ್ಗಿ ಮುಗಿದ್ಮ್ಯಾಲ ತಂದು ಒಗಿಯೂ ಜ್ವಾಳದ ಚೀಲಕ್ಕೂ ಸಿಗಂಗಿಲ್ಲ, ಆ ರೈತ್ರು ಕೇಳೂದೂ ಇಲ್ಲ.

ಯಾರೂ ತೆಗೀಲಾರದ ಇ-ಮೇಲು

2023ರ ಶುರುವಿಗೆ ಧಾರವಾಡ ಕಡೆ ಕಾರ್ಖಾನೆ ಇರೂ ಒಂದು ಕಂಪನಿ ಸಿಎಸ್‌ಆರ್ ರೊಕ್ಕ ಕೊಡ್ತೀನಿ ಅಂತ ಮುಂದ ಬಂತು. ಕಂಪನಿ ಕಾಯ್ದೆಯ 135ನೇ ಕಲಂ ಗೊತ್ತಿರಬೇಕು, 500 ಕೋಟಿ ನಿವ್ವಳ ಸಂಪತ್ತು, ಇಲ್ಲಾ 1,000 ಕೋಟಿ ವಹಿವಾಟು, ಇಲ್ಲಾ 5 ಕೋಟಿ ಲಾಭ, ಇದರಾಗ ಯಾವುದರ ಒಂದು ಇದ್ದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಾಗ ನೂರಕ್ಕ 2 ಭಾಗ ಸಮಾಜದ ಕೆಲಸಕ್ಕ ಖರ್ಚು ಮಾಡಲೇಬೇಕು. ಆದ್ರ ಕಂಡಕಂಡವ್ರಿಗೆ ಕೊಡಂಗಿಲ್ಲ. 12ಎ (ಅಂದ್ರ ಮ್ಯಾಲಿನ 12ಎಬಿ ನೋಂದಣಿ), 80ಜಿ ಎರಡೂ ಇರಬೇಕು, ಸಿಎಸ್‌ಆರ್-1 ಫಾರ್ಮ್ ಹಾಕಿ ನಂಬರು ತಗೊಂಡಿರಬೇಕು, ಅಂಥಾ ಕೆಲಸ ಮೂರು ವರ್ಷ ಮಾಡಿದ ದಾಖಲೆ ಇರಬೇಕು. ನಮ್ಮ ಪ್ರಪೋಸಲ್ಲು ಐದು ಗುಂಟೆದಾಗ ಹೆಣ್ಣುಮಕ್ಕಳಿಗೆ ವಸತಿ ಕಟ್ಟಡ. ಕಂಪನಿಯವ್ರು "ಮೂರು ವರ್ಷ ತುಂಬಲಿ, ರೆಗ್ಯುಲರ್ ಸರ್ಟಿಫಿಕೇಟು ಬರಲಿ" ಅಂದ್ರು.

ರೆಗ್ಯುಲರ್ ಯಾವಾಗ ಕೇಳಬೇಕು ಅನ್ನೂದ್ರಾಗ ಒಂದು ಮುಳ್ಳು ಇತ್ತು. ಪ್ರೊವಿಷನಲ್ ಮುಗಿಯೂಕ ಆರು ತಿಂಗಳ ಮೊದಲು, ಇಲ್ಲಾ ಕೆಲಸ ಶುರು ಮಾಡಿದ ಆರು ತಿಂಗಳೊಳಗ, ಯಾವುದು ಮೊದಲೋ ಅದು. ಮಾಸ್ತರ ರೊಟ್ಟಿ ಕೆಲಸ ಟ್ರಸ್ಟಿಗಿಂತ ಮೊದಲ ಶುರು ಆಗಿತ್ತು. ನಾವು ಮೂರು ವರ್ಷ ಐತಲ್ಲ ಅಂತ ಆರಾಮ ಕುಂತಿದ್ವಿ. ಪುಣ್ಯಾಕ ದೇಶದ ತುಂಬ ಇಂಥಾ ಗೊಂದಲ ಆಗಿ ತೆರಿಗೆ ಇಲಾಖೆಯ ಮ್ಯಾಲಿನ ಮಂಡಳಿ ಸಿಬಿಡಿಟಿ 2024ರ ಏಪ್ರಿಲ್‌ದಾಗ ಸುತ್ತೋಲೆ ತಂದು ಜೂನ್ 30ರ ತನಕ ಟೈಮ್ ಕೊಡ್ತು. ಜೂನ್ ಕಡೇ ವಾರದಾಗ 12ಎಬಿ, 80ಜಿ ಎರಡಕ್ಕೂ ಫಾರ್ಮ್ 10ಎಬಿ ಹಾಕಿದ್ವಿ.

ಇನ್ನ ನಮ್ಮ ತಪ್ಪು ಕೇಳ್ರಿ. ತೆರಿಗೆ ಇಲಾಖೆಯ ಪೋರ್ಟಲ್ಲಿನ್ಯಾಗ ಟ್ರಸ್ಟಿನ ಇ-ಮೇಲ್ ಅಂತ ಹಾಕಿದ್ದು ನಮ್ಮ ಆಫೀಸಿನ ಒಬ್ಬ ಹುಡುಗ ಮಾಡಿದ್ದ ಐಡಿ. ಮೊಬೈಲ್ ನಂಬರೂ ಅವಂದ. ಅಂವ 2023ರಾಗ ಬೆಂಗಳೂರಿಗೆ ಕೆಲಸಕ್ಕ ಹೋದ. ಇಲಾಖೆಯಿಂದ ನೋಟಿಸು ಬಂದಾವ, ಒಂದಲ್ಲ, ಮೂರು. 23 ಉದ್ದೇಶದಾಗ ಯಾವ್ಯಾವು ಮಾಡೀರಿ, ಪುರಾವೆ ಕೊಡ್ರಿ. ಫಲಾನುಭವಿಗಳ ಪಟ್ಟಿ ಕೊಡ್ರಿ. ಡೀಡಿನ ಮೂರನೇ ಪುಟದಾಗ ಒಂದ ಸಮಾಜದ ಹೆಸರು ಐತಿ, ಅದಕ್ಕ ವಿವರಣೆ ಕೊಡ್ರಿ. ಆ ಇನ್‌ಬಾಕ್ಸು ಯಾರೂ ತೆಗೀಲಿಲ್ಲ, ಪೋರ್ಟಲ್ಲಿಗೆ ಲಾಗಿನ್ ಆಗಿ ಯಾರೂ ನೋಡಲಿಲ್ಲ. ಡಿಸೆಂಬರದಾಗ ಎರಡೂ ಅರ್ಜಿ ತಿರಸ್ಕಾರ ಆದವು. ನಮಗ ಗೊತ್ತಾಗಿದ್ದು ಕಂಪನಿಯವ್ರು ಪೋರ್ಟಲ್ ನೋಡಿ ಫೋನ್ ಮಾಡಿದ ಮ್ಯಾಲ.

ಮಾಸ್ತರಿಗೆ ಈ ಸುದ್ದಿ ಹೇಳಾಕ ನಮ್ಮ ಸಾಹೇಬ್ರು ಸ್ವತಃ ಗಾಡಿ ತಗೊಂಡು ಅಣ್ಣಿಗೇರಿ ದಾಟಿ ಹೋದ್ರು, ನಾನೂ ಜೋಡಿ ಹೋಗಿದ್ದೆ. ಮಾಸ್ತರು ಬೈಲಿಲ್ಲ. ಚಾ ಕೊಟ್ರು. "ಪಾಸಾದ ಹುಡುಗನ್ನ ಹಾಜರಿ ಇಲ್ಲಂತ ಫೇಲ್ ಮಾಡಿದಂಗಾತ್ರಿ" ಅಂದ್ರು ಅಷ್ಟ. ಬೈದಿದ್ರ ಛಲೋ ಇತ್ತು.

ಕಾಕಾರ ಚೀಟಿ

ಆವಾಗಿನ ಕಾನೂನು ಹಿಂಗಿತ್ತು. ಆದಾಯ ತೆರಿಗೆ ಕಾಯ್ದೆ 1961 ಜಾರಿಗೆ ಬಂದ ಮ್ಯಾಲ ಹುಟ್ಟಿದ ಧರ್ಮಾರ್ಥ ಟ್ರಸ್ಟು ಒಂದ ಧರ್ಮದ ಇಲ್ಲಾ ಒಂದ ಜಾತಿಯ ಮಂದಿ ಸಲುವಾಗಿ ಇದ್ರ ಅದಕ್ಕ 13ನೇ ಕಲಂ ಪ್ರಕಾರ ತೆರಿಗೆ ವಿನಾಯಿತಿ ಇಲ್ಲ. ಅದನ್ನ ನೋಂದಣಿ ಹೊತ್ತಿನ್ಯಾಗ ನೋಡಬೇಕೋ, ಮುಂದ ವರ್ಷಾವರ್ಷಾ ಅಸೆಸ್‌ಮೆಂಟಿನ್ಯಾಗ ನೋಡಬೇಕೋ ಅಂತ ಟ್ರಿಬ್ಯೂನಲ್ಲಿನ್ಯಾಗ ವಾದ ನಡದಾವ. 80ಜಿ ವಿಷಯದಾಗ ಆ ಸಂದೂ ಇಲ್ಲ, ಒಂದ ಜಾತಿ ಸಲುವಾಗಿ ಅಂತ ಬರ್ದಿದ್ರ ಮುಗೀತು. ಒಂದು ರಿಯಾಯಿತಿ ಐತಿ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಹೆಣ್ಣುಮಕ್ಕಳು, ಮಕ್ಕಳು, ಇವರ ಸಲುವಾಗಿ ಮಾಡಿದ ಟ್ರಸ್ಟನ್ನ ಜಾತಿ ಟ್ರಸ್ಟು ಅಂತ ಎಣಿಸಂಗಿಲ್ಲ.

ಕಾಕಾ ಇದನ್ನ ಗಟ್ಟಿ ಹಿಡಕೊಂಡ್ರು. "ನಮ್ಮ ಸಮಾಜ ಹಿಂದುಳಿದ ಪಟ್ಟ್ಯಾಗ ಐತಿ, ಹಂಗಾರ ನಡೀತೈತಲ್ಲ, ಕೇಸು ಹಾಕ್ರಿ." ಮಾತು ಪೂರಾ ಸುಳ್ಳಲ್ಲ, ವಕೀಲ್ರೂ ವಾದ ಮಾಡಬಹುದು ಅಂದ್ರು. ಆದ್ರ ಹಿಂದುಳಿದ ವರ್ಗಗಳು ಅನ್ನೂದು ಬ್ಯಾರೆ, ಅದರಾಗಿನ ಒಂದ ಜಾತಿ ಹೆಸರು ಹಿಡಿದು ಬರಿಯೂದು ಬ್ಯಾರೆ, ಇದು ಗೆದ್ರೂ ವರ್ಷಗಟ್ಟಲೆ ಹಿಡೀತೈತಿ, ಅಲ್ಲಿ ಮಟ ದಾನ ಕೊಡೂವ್ರು ಕಾಯಂಗಿಲ್ಲ. ನನ್ನ ಸ್ವಂತ ಅಭಿಪ್ರಾಯ ಕೇಳಿದ್ರ, ಗೆಲ್ಲಬಹುದಾದ ವಾದ ಬ್ಯಾರೆ, 22 ಹುಡುಗರ ಊಟದ ಮ್ಯಾಲ ಪಣಕ್ಕಿಡೂ ವಾದ ಬ್ಯಾರೆ.

2025ರ ಜನವರ್‍ಯಾಗ ಹಳೇ ಮನಿ ಪಡಸಾಲ್ಯಾಗ ಟ್ರಸ್ಟಿಗಳ ಸಭೆ ಕೂಡ್ತು. ವಕೀಲ್ರು ನಡುವಿನ ದಾರಿ ಒಂದು ತಂದಿದ್ರು, "ಎಲ್ಲಾ ಬಡ ವಿದ್ಯಾರ್ಥಿಗಳಿಗೆ, ಸಮಾಜದವರಿಗೆ ಆದ್ಯತೆ" ಅಂತ ಬರಿಯೂದು. ಕಾಕಾ ಅದಕ್ಕ ಒಪ್ಪೂವ್ರಂಗ ಇದ್ರು. ನಮ್ಮ ಸಾಹೇಬ್ರು ಬ್ಯಾಡ ಅಂದ್ರು, ಆದ್ಯತೆ ಅನ್ನೂ ಶಬ್ದಕ್ಕ ಮತ್ತ ನೋಟಿಸು ಬರ್ತೈತಿ, ಮತ್ತ ವಿವರಣೆ, ಮತ್ತ ಅದ ಕತಿ. ಕಾಕಾ ಸಿಟ್ಟಿಗೆದ್ದು "ಹಂಗಾರ ಜಾಗಾ ತಿರುಗಿ ಕೊಡ್ರಿ" ಅಂದ್ರು. ಕೊಟ್ಟ ಬಕ್ಷೀಸು ಹಂಗ ತಿರುಗಿ ತಗೊಳ್ಳಾಕ ಬರಂಗಿಲ್ಲ ಅನ್ನೂದು ಅಲ್ಲಿ ಎಲ್ಲಾರಿಗೂ ಗೊತ್ತಿತ್ತು, ಆದ್ರ ಪತ್ರದಾಗಿನ ಶಬ್ದ ತಿದ್ದಬೇಕಂದ್ರ ಅವರ ಸಹಿ ಬೇಕಲ್ಲ, ಯಾರು ಎದುರು ಮಾತಾಡ್ತಾರ. ಪಡಸಾಲ್ಯಾಗ ಸುಮಾರು ಹೊತ್ತು ಬರೀ ಫ್ಯಾನಿನ ಸಪ್ಪಳ.

ಆವಾಗ ನಾ ಫಲಾನುಭವಿಗಳ ಪಟ್ಟಿ ಮಾಡೂಣು ಅಂತ ರೊಟ್ಟಿ ಪುಸ್ತಕ ತರಿಸಿದ್ದೆ, ನೋಟಿಸಿನ್ಯಾಗ ಹೆಂಗೂ ಕೇಳಿದ್ರಲ್ಲ. ಮಾಸ್ತರು ಒಂದೊಂದು ಹೆಸರು ಓದಾಕ ಹತ್ತಿದ್ರು, ನಾ ಬರಕೋತ ಹೋದೆ. ಕಾಕಾ ಕಣ್ಣು ಮುಚ್ಚಿಕೊಂಡು ಕೇಳಾಕ ಹತ್ತಿದ್ರು, ನಾಕನೇ ಹೆಸರಿಗೆ ಕಣ್ಣು ತೆಗದ್ರು.

"ಇಂವ ನಮ್ಮಾಂವ ಅಲ್ಲಲ್ಲೋ?"

"ಅಲ್ರೀ ಕಾಕಾ. ಎರಡು ವರ್ಷ ಆತು ಉಣ್ಣಾಕ ಹತ್ತಿ."

ಆಮ್ಯಾಲ ಇನ್ನೊಬ್ಬ. ಇನ್ನೊಬ್ಬ. 22ರಾಗ 9 ಮಂದಿ ಸಮಾಜದವ್ರಲ್ಲ. ಅಡಗಿ ಅಕ್ಕಾರು ಬಾಗಲದಾಗ ನಿಂತಿದ್ರು, ಹಿಟ್ಟಿನ ಕೈ ಸೆರಗಿಗೆ ಒರೆಸಿಕೋತ, "ಮಾಸ್ತರ್ರ, ಹಿಂದಿನ ಹಾಳಿ ತೆಗೀರಿ, ಅಲ್ಲಿ ಚೀಟಿ ಹಚ್ಚೀನಿ ನೋಡ್ರಿ" ಅಂದ್ರು. ಪುಸ್ತಕದ ಕಡೇ ಹಾಳ್ಯಾಗ, ಯಾರು ಯಾರನ್ನ ಕಳಿಸಿದ್ರೋ ಆ ಚೀಟಿಗಳನ್ನ ಅನ್ನದ ಗಂಜಿಲೆ ಅಂಟಿಸಿದ್ರು. ಅದರಾಗ ಒಂದು ಗೊಬ್ಬರದ ಅಂಗಡಿ ಬಿಲ್ಲಿನ ಬೆನ್ನ ಮ್ಯಾಲ ಬರ್ದದ್ದು. "ನಮ್ಮ ಹೊಲದಾಗ ದುಡಿಯೂವನ ಮಗ. ಶಾಣ್ಯಾ ಅದಾನ. ಊಟಕ್ಕ ಹಚ್ಚಿಕೋ." ಕೆಳಗ ಕಾಕಾರ ಸಹಿ. ಆ ಹುಡುಗ ಸಮಾಜದಾಂವ ಅಲ್ಲ.

ಕಾಕಾ ಚೀಟಿ ಓದಿದ್ರು, ಚಷ್ಮಾ ತೆಗೆದು ಮತ್ತ ಹಾಕ್ಕೊಂಡು ಇನ್ನೊಮ್ಮೆ ಓದಿದ್ರು. "ಇದನ್ನ ಯಾಕ ಇಟ್ಟೀಯವಾ" ಅಂದ್ರು. "ನಾಳೆ ಯಾರರ ಕೇಳಿದ್ರ ಬೇಕಲ್ರೀ" ಅಂದ್ರು ಅಕ್ಕಾರು. ಅವತ್ತ ಠರಾವು ಆಗಲಿಲ್ಲ. ಮೂರು ದಿನ ಬಿಟ್ಟು ಕಾಕಾ ಫೋನ್ ಮಾಡಿಸಿದ್ರು, ಸಹಿ ಮಾಡ್ತೀನಿ, ಆದ್ರ ಊಟದ ಮನಿಗೆ ನನ್ನ ಹೆಂಡ್ತಿ ಹೆಸರು ಇಡ್ರಿ ಅಂದ್ರು. ಅದರಾಗ ಕಾನೂನಿನ ತಕರಾರು ಏನಿಲ್ಲ.

ಈ ಪ್ರಕರಣ ತಿರುಗಿದ್ದು ಇಲ್ಲಿ. ಕಾಗದದ ಮ್ಯಾಲ ಜಾತಿ ಟ್ರಸ್ಟು, ಅಡಗಿಮನ್ಯಾಗ ಎಲ್ಲಾರ ಟ್ರಸ್ಟು. ಸಾಮಾನ್ಯ ಇದರ ಉಲ್ಟಾ ಇರ್ತೈತಿ, ಡೀಡಿನ್ಯಾಗ ಸಕಲ ಜನರ ಕಲ್ಯಾಣ, ಒಳಗ ನೋಡಿದ್ರ ಅಳಿಯ-ಮಾವ. ಅದಕ್ಕ ಡೀಡ್ ತಿದ್ದೂದಂದ್ರ ಇಲ್ಲಿ ಮೋಸ ಮುಚ್ಚೂದಾಗಿರಲಿಲ್ಲ, ನಡೀತಿದ್ದದ್ದನ್ನ ಬರಿಯೂದಾಗಿತ್ತು.

ಡೀಡ್ ತಿದ್ದೂದೂ ಮನಸಿಗೆ ಬಂದಂಗ ಆಗಂಗಿಲ್ಲ. ಸಾರ್ವಜನಿಕ ಟ್ರಸ್ಟು ಒಮ್ಮೆ ಆದ ಮ್ಯಾಲ ಮಾಡಿದವ್ರಿಗೂ ಅದನ್ನ ರದ್ದು ಮಾಡೂ ಹಕ್ಕಿಲ್ಲ, ಡೀಡಿನ್ಯಾಗ ತಿದ್ದುಪಡಿ ಅಧಿಕಾರ ಇರದಿದ್ರ ಸಿವಿಲ್ ಪ್ರೊಸೀಜರ್ ಕೋಡ್ 92ನೇ ಕಲಂ ಹಿಡಕೊಂಡು ಕೋರ್ಟಿಗೆ ಹೋಗಬೇಕಾಗ್ತೈತಿ. ನಮ್ಮ ನಸೀಬಕ್ಕ ಆ ಕಾಪಿ ಹೊಡೆದ ಡೀಡಿನ್ಯಾಗ ಮೂರರಾಗ ಎರಡು ಪಾಲು ಟ್ರಸ್ಟಿಗಳು ಒಪ್ಪಿದ್ರ, ಮೂಲ ಧರ್ಮಾರ್ಥ ಗುಣ ಕೆಡಸದಂಗ ತಿದ್ದಬಹುದು ಅಂತ ಒಂದು ಕಲಂ ಇತ್ತು. ಬರಹಗಾರರ ಹಳೇ ಫೈಲಿಗೆ ಬೈದಿದ್ದೆ, ಆ ಒಂದು ಕಲಮಿಗೆ ಮಾತ್ರ ಕೈ ಮುಗದೆ. ಫೆಬ್ರುವರ್‍ಯಾಗ ಪೂರಕ ಡೀಡ್ ನೋಂದಣಿ ಆತು. ಸಮಾಜ ಅನ್ನೂ ಶಬ್ದ ಹೋತು, 23 ಉದ್ದೇಶ 4 ಆದವು. ಅನಾಥ ಅನ್ನೂ ಶಬ್ದಾನೂ ತೆಗದ್ವಿ, ಯಾಕಂದ್ರ ಅನಾಥ ಮಕ್ಕಳನ್ನ ಇಟ್ಕೊಳ್ಳೂ ಸಂಸ್ಥೆಗೆ ಬಾಲನ್ಯಾಯ ಕಾಯ್ದೆ 2015ರ 41ನೇ ಕಲಮಿನ ಬ್ಯಾರೆ ನೋಂದಣಿ ಕಡ್ಡಾಯ, ಇಲ್ಲಿ ಇರೂ ಹುಡುಗರಿಗೆ ಅಪ್ಪ ಅವ್ವ ಅದಾರ, ಶೋಭಾಕ್ಕಂತ ಬರ್ದ ಶಬ್ದ ನಾಳೆ ಕುತ್ತಿಗಿಗೆ ಬರ್ತಿತ್ತು. ಟ್ರಸ್ಟು ಮುಚ್ಚಿದ್ರ ಆಸ್ತಿ ಇಂಥಾದ್ದ ಇನ್ನೊಂದು ಧರ್ಮಾರ್ಥ ಟ್ರಸ್ಟಿಗೆ ಹೋಗಬೇಕು, ಮಾಸ್ತರ ಮಕ್ಕಳಿಗಲ್ಲ ಅಂತ ಹೊಸದಾಗಿ ಬರದ್ವಿ. ಮನೆತನದವ್ರಷ್ಟ ಟ್ರಸ್ಟಿಗಳಿದ್ದದ್ದು ಹೋಗಿ ಕಾಲೇಜಿನ ಒಬ್ರು ಪ್ರಿನ್ಸಿಪಾಲರು, ಒಬ್ರು ನರ್ಸಮ್ಮಾರು ಬಂದ್ರು.

ಅದರ ಜೋಡಿನ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಗೆ ಅಪೀಲು. ಇಂಥಾ ಅಪೀಲಿನ ಫೀ ಬರೇ 500 ರೂಪಾಯಿ, ಹುಬ್ಬಳ್ಳಿ-ಬೆಂಗಳೂರು ಸ್ಲೀಪರ್ ಬಸ್ಸಿನ ಟಿಕೆಟಿಗಿಂತ ಕಮ್ಮಿ. ನೋಟಿಸಿಗೆ ಉತ್ತರ ಕೊಡದ್ದು ನಮ್ಮ ತಪ್ಪು ಅಂತ ಮೊದಲನೇ ಸಾಲಿನ್ಯಾಗ ಒಪ್ಪಿಕೊಂಡ್ವಿ, ಇ-ಮೇಲಿನ ಕತಿ ಅಫಿಡವಿಟ್ಟಿನ್ಯಾಗ ಬರದ್ವಿ. ನಮ್ಮ ಸಾಹೇಬ್ರಿಗೆ ಅದು ಕಷ್ಟ ಆತು, ಆದ್ರ ಬರದ್ರು. ನ್ಯಾಯಮಂಡಳಿ ಆದೇಶ ಬದಿಗಿಟ್ಟು, ಇನ್ನೊಂದು ಅವಕಾಶ ಕೊಟ್ಟು ಹೊಸದಾಗಿ ವಿಚಾರಣೆ ಮಾಡ್ರಿ ಅಂತ ತೆರಿಗೆ ಇಲಾಖೆಯ ಕಮಿಷನರಿಗೆ ತಿರುಗಿ ಕಳಿಸ್ತು. ಎರಡನೇ ಸಲ ಕೇಳಿದ್ದಕ್ಕೆಲ್ಲಾ ವಾರದೊಳಗ ಉತ್ತರ ಕೊಟ್ವಿ, ಜಮಾ-ಖರ್ಚು, ಬ್ಯಾಂಕ್ ಸ್ಟೇಟ್‌ಮೆಂಟು, ಪೂರಕ ಡೀಡ್, ತಿದ್ದಿದ ಬಕ್ಷೀಸ ಪತ್ರ. ಜೋಡಿ ರೊಟ್ಟಿ ಪುಸ್ತಕದ 140 ಹಾಳಿ ಸ್ಕ್ಯಾನು, ಎಣ್ಣಿ ಬೊಟ್ಟು ಸಮೇತ. ಕೆಲಸ ಖರೇನ ನಡದೈತೋ ಇಲ್ಲೋ ಅನ್ನೂ ಪ್ರಶ್ನೆಗೆ ಅದಕ್ಕಿಂತ ಛಲೋ ಉತ್ತರ ನಮ್ಮ ಹತ್ರ ಇರಲಿಲ್ಲ. 2025ರ ಕಡೀಕ ರೆಗ್ಯುಲರ್ ಬಂತು, ಎರಡೂ. ಈ ಸಲ ಸರ್ಟಿಫಿಕೇಟು ಪೂರಾ ಓದಿ ಆಮ್ಯಾಲ ಪೇಡೆ ತಿಂದ್ವಿ.

ಆ ಹೊತ್ತಿಗೆ ಊರು ಬದಲಾಗಿತ್ತು

ಒಂದು ಮಾತು ಮಾತ್ರ ನಾವು ಯಾರೂ ಎಣಿಸಿರಲಿಲ್ಲ. ಕಟ್ಟಡದ ಪ್ರಪೋಸಲ್ಲು ಬರ್ದದ್ದು 2023ರ ಶುರುವಿಗೆ. ಅದ ವರ್ಷ ಜೂನ್ 11ಕ್ಕ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ್ಯಾಗ ಟಿಕೆಟ್ಟಿಲ್ಲ. ಹಳ್ಳಿ ಹುಡಿಗ್ಯಾರು ಮುಂಜಾನೆ ಬಸ್ಸಿಗೆ ಬಂದು ಸಂಜಿಕ ತಿರುಗಿ ಹೋಗಾಕ ಹತ್ತಿದ್ರು. ಮಗಳನ್ನ ಊರ ಬಿಟ್ಟು ಇಡೂದ್ಯಾಕ ಅಂತ ಅವ್ವಂದಿರು ಅಂದ್ರು. 2025ರಾಗ ನಾವು ಮತ್ತ ಮನಿ ಮನಿ ಕೇಳಿದಾಗ ವಸತಿ ಬೇಕು ಅಂದವ್ರು ಇಬ್ಬರ. ಅವರಿಗೆ ಬೇಕಾದದ್ದು ಮಧ್ಯಾಹ್ನದ ಊಟ, ಕ್ಲಾಸ್ ಮುಗಿದು ಬಸ್ ಬರೂ ತನಕ ಕುಂತು ಓದಾಕ ಜಾಗಾ, ಮತ್ತ ಒಂದು ಛಲೋ ಬಾತ್‌ರೂಮು. ಸಿಎಸ್‌ಆರ್ ರೊಕ್ಕ ಟೈಮಿಗೆ ಬಂದಿದ್ರ ಐದು ಗುಂಟೆ ತುಂಬ ಖಾಲಿ ಕೋಲಿ ಕಟ್ಟಿರ್ತಿದ್ವಿ. ತಡಾ ಆದದ್ದಕ್ಕ ಛಲೋ ಆತು ಅಂತ ಅನ್ನಂಗಿಲ್ಲ, ಆ ವರ್ಷ ಇಬ್ಬರು ಹುಡುಗರು ಪಿಯುಸಿ ಅರ್ಧಕ್ಕ ಬಿಟ್ಟು ಗೋವಾಕ್ಕ ದುಡಿಯಾಕ ಹೋದ್ರು, ಅದೂ ಲೆಕ್ಕದಾಗ ಇರಲಿ.

ಇನ್ನೊಂದು ಬದಲಾವಣೆ ಪ್ರಿನ್ಸಿಪಾಲರಿಂದ ಬಂತು. ಅವ್ರು ಟ್ರಸ್ಟಿ ಆಗಿ ಮೊದಲನೇ ಸಭ್ಯಾಗನ ಕೇಳಿದ್ರು, "ಈ 22 ಹುಡುಗರು ಹಾಸ್ಟೆಲಿಗೆ ಅರ್ಜಿ ಹಾಕಿದ್ರೇನು?" ಹನ್ನೊಂದು ಮಂದಿ ಹಾಕೇ ಇರಲಿಲ್ಲ. ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮುಗಿದಿತ್ತು, ಆಧಾರ್ ಹೆಸರೂ ಮಾರ್ಕ್ಸ್‌ಕಾರ್ಡ್ ಹೆಸರೂ ಹೊಂದತಿರಲಿಲ್ಲ, ಕಡೇ ದಿನ ಗೊತ್ತಿರಲಿಲ್ಲ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಹುಡುಗರಿಗೆ ವಿದ್ಯಾಸಿರಿ ಅಂತ ತಿಂಗಳಾ ರೊಕ್ಕ ಕೊಡೂ ಯೋಜನೆ ಐತಿ, ಅದನ್ನೂ ಕೇಳಿದವ್ರು ಕಮ್ಮಿ. ನಾವು ಉಣ್ಣಾಕ ಹಾಕಿದ್ದಕ್ಕ ಅವ್ರು ಸರ್ಕಾರದ ಬಾಗಲಾ ಬಡಿಯೂದ ಬಿಟ್ಟಿದ್ರು, ಸರ್ಕಾರದ ಲೆಕ್ಕದಾಗ ಈ ಊರಿಗೆ ಹಾಸ್ಟೆಲ್ ಬೇಡಿಕೆನೂ ಕಮ್ಮಿ ಕಾಣ್ತಿತ್ತು. ಇದು ನನಗ ಚುಚ್ಚಿದ ಮಾತು. ಟ್ರಸ್ಟಿನ ಊಟ ಸರ್ಕಾರದ ಕೊರತಿ ಮುಚ್ಚಿತೋ, ಮುಚ್ಚಿಡಾಕ ಹತ್ತಿತ್ತೋ?

ಈಗ ಜೂನ್ ಬಂತಂದ್ರ ಪಡಸಾಲ್ಯಾಗ ಒಂದು ಲ್ಯಾಪ್‌ಟಾಪು, ಹುಡುಗರು ಸಾಲ ಹಿಡಿದು ಕುಂತಿರ್ತಾರ, ನರ್ಸಮ್ಮಾರ ಮಗ ಸ್ಕಾಲರ್‌ಶಿಪ್ ಪೋರ್ಟಲ್ಲಿಗೆ ಅರ್ಜಿ ಹಾಕ್ತಾನ. ಮೊದಲನೇ ವರ್ಷ ನಾಕು ಮಂದಿಗೆ ವಿದ್ಯಾಸಿರಿ ಬಂತು, ಮೂರು ಮಂದಿಗೆ ಹಾಸ್ಟೆಲ್ ಸೀಟು ಸಿಕ್ಕು ಅಲ್ಲಿಂದ ಹೋದ್ರು, ಖಾಲಿ ಆದ ಜಾಗಾಕ್ಕ ಬ್ಯಾರೆಯವ್ರು ಬಂದ್ರು. ಸೀಟು ಸಿಗದವ್ರ ಪಟ್ಟಿ ಟ್ರಸ್ಟಿನ ಲೆಟರ್‌ಹೆಡ್ಡಿನ ಮ್ಯಾಲ ತಾಲೂಕಿನ ಹಿಂದುಳಿದ ವರ್ಗಗಳ ಇಲಾಖೆಗೆ ಹೋಗ್ತೈತಿ. ಮಾಸ್ತರು ತಮ್ಮ ಹೆಸರಿಲೆ ಬರ್ದ ಅರ್ಜಿಗೂ ನೋಂದಣಿ ನಂಬರಿದ್ದ ಲೆಟರ್‌ಹೆಡ್ಡಿಗೂ ಫರಕು ಐತಿ, ಎರಡನೇದ್ದಕ್ಕ ಸ್ವೀಕೃತಿ ಸೀಲು ಬೀಳ್ತೈತಿ.

1904ರಾಗ ಸಹಕಾರಿ ಕಾಯ್ದೆ ಬಂತು, ಮರುವರ್ಷನ ಗದಗ ತಾಲೂಕಿನ ಕಣಗಿನಹಾಳದಾಗ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲ್ರು ಸಂಘ ನೋಂದಣಿ ಮಾಡಿಸಿದ್ರು. ಮಾಸ್ತರು ಇದನ್ನ ಸಭ್ಯಾಗ ಭಾಳ ಸಲ ಹೇಳ್ತಾರ. ನಾ ಒಮ್ಮೆ "ಸರ್ರ, ಅವರಿಗೆ ಇ-ಮೇಲ್ ಇರಲಿಲ್ಲಲ್ರೀ" ಅಂದೆ, ನಕ್ಕರು.

ಇ-ಮೇಲ್ ಈಗ ಟ್ರಸ್ಟಿಂದ ಸ್ವಂತ, ಮಾಸ್ತರ ಫೋನಿನ್ಯಾಗೂ ಪ್ರಿನ್ಸಿಪಾಲರ ಫೋನಿನ್ಯಾಗೂ ಐತಿ. ಪ್ರತಿ ಸೋಮವಾರ ಒಬ್ರು ಪೋರ್ಟಲ್ ತೆಗೆದು ನೋಡಿ ಠರಾವು ಪುಸ್ತಕದಾಗ "ನೋಡಿದೆ" ಅಂತ ಸಹಿ ಮಾಡ್ತಾರ. ಮೇ 31ರೊಳಗ ದಾನಿಗಳ ಪಟ್ಟಿ ಫಾರ್ಮ್ 10ಬಿಡಿ ಹಾಕದಿದ್ರ ದಿನಕ್ಕ 200 ರೂಪಾಯಿ ದಂಡ ಅಂತ ಕ್ಯಾಲೆಂಡರಿನ್ಯಾಗ ಕೆಂಪು ಪೆನ್ನಿಲೆ ಬರ್ದಾರ. 2025ರ ಹೊಸಾ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅಂತ ಆದ ಮ್ಯಾಲ ನಾವು ಬಾಯಿಪಾಠ ಮಾಡಿದ ಕಲಂ ನಂಬರೆಲ್ಲಾ ಬದಲಿ. ಹಳೇ ನೋಟಿಸಿನ ಫೈಲಿಗೆ ಹಳೇ ನಂಬರ, ಹೊಸಾದ್ದಕ್ಕ ಹೊಸಾ ನಂಬರ, ಎರಡೂ ಒಂದ ಹಾಳ್ಯಾಗ ಬರ್ದು ಫೈಲಿನ ಮುಂದ ಹಚ್ಚೀನಿ.

ಕಂಪನಿ ರೊಕ್ಕದ ಮೊದಲನೇ ಕಂತು ಬಂದೈತಿ, ಓದೂ ಕೋಲಿಗೆ ಬುನಾದಿ ಬಿದ್ದೈತಿ. ಕಂಪನಿಯ ಹುಡುಗ ಒಬ್ಬ ಬಂದು ರೊಟ್ಟಿ ಪುಸ್ತಕ ತಿರುವಿ ನೋಡಿ, ಇದನ್ನ ಎಕ್ಸೆಲ್ಲಿನ್ಯಾಗ ಕಳಿಸ್ರಿ, ಜೋಡಿ ಇನ್ನಾ ಒಂದಿಷ್ಟು ಕಾಲಂ ಬೇಕು ಅಂದ, ತೂಕ, ಮಾರ್ಕ್ಸು, ಮನಿ ಆದಾಯ. ಅಕ್ಕಾರು ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ. "ನಾ ಹಿಟ್ಟಿನ ಲೆಕ್ಕ ಇಡ್ತೀನಪಾ, ಉಳಿದದ್ದು ನೀವು ಬರಕೋರಿ" ಅಂದ್ರು.